ಮನೆ ಮೊದಲು, ಗಟಾರ ಆಮೇಲೆ: ಹುಬ್ಬಳ್ಳಿ-ಧಾರವಾಡ ಬೆಳೆಯುತ್ತಿರುವ ಬಗೆ

ಹುಬ್ಬಳ್ಳಿಯ ಅಂಚಿನಲ್ಲಿರುವ ನಮ್ಮ ಬಡಾವಣೆ ಹೇಗೆ ಬೆಳೆಯಿತು ಎಂಬುದನ್ನು ನಾನು ಮೊದಲ ದಿನದಿಂದಲೇ ನೋಡಿದ್ದೇನೆ. ಹೆಸರು ಮತ್ತು ಜೋಳ ಬೆಳೆಯುತ್ತಿದ್ದ ಎರಿ ಹೊಲದಲ್ಲಿ ಮೊದಲು ಬಿಳಿ ಬಣ್ಣ ಬಳಿದ ಕಲ್ಲುಗಳು ಬಂದವು. ಕಲ್ಲುಗಳ ನಡುವೆ ಒಂದೊಂದಾಗಿ ಮನೆ ಎದ್ದವು. ಮನೆಗಳು ಎದ್ದ ಮೇಲೆ ವಿದ್ಯುತ್ ಕಂಬ ಬಂತು, ಅದಾಗಿ ಕೆಲವು ವರ್ಷಗಳಿಗೆ ನಳ ಬಂತು, ನಳ ಬಂದ ಬಳಿಕ ಗಟಾರದ ಮಾತು ಶುರುವಾಯಿತು. ಗಟಾರ ಇಂದಿಗೂ ಅರ್ಧ ಓಣಿಗೆ ಬಂದು ನಿಂತಿದೆ. ಉಳಿದರ್ಧ ಓಣಿಯ ಬಚ್ಚಲ ನೀರು ಖಾಲಿ ಪ್ಲಾಟುಗಳಲ್ಲಿ ಇಂಗುತ್ತದೆ. ಬಡಾವಣೆ ಮಾಡಿದವರು ಪ್ಲಾಟು ಮಾರಿ ಮುಗಿಸಿದ ದಿನವೇ ಅವರ ಕೆಲಸ ಮುಗಿದಿತ್ತು. ನಮ್ಮದು ಅಲ್ಲಿಂದ ಆರಂಭವಾಯಿತು.

ವೇಗವಾಗಿ ಬೆಳೆಯುವ ನಗರದಲ್ಲಿ ಬದುಕುವುದರ ಸಾಧಕ-ಬಾಧಕಗಳ ಚರ್ಚೆ ಬಂದಾಗಲೆಲ್ಲ ನಾವು ಸಾಮಾನ್ಯವಾಗಿ ಒಂದು ತಕ್ಕಡಿಯನ್ನು ಕಲ್ಪಿಸಿಕೊಳ್ಳುತ್ತೇವೆ. ಒಂದು ತಟ್ಟೆಯಲ್ಲಿ ಉದ್ಯೋಗ, ಆಸ್ಪತ್ರೆ, ಕಾಲೇಜು. ಇನ್ನೊಂದರಲ್ಲಿ ಧೂಳು, ವಾಹನ ದಟ್ಟಣೆ, ನೀರಿನ ಕೊರತೆ. ಎರಡನೆಯ ತಟ್ಟೆಯ ಕಷ್ಟಗಳು ಮೊದಲನೆಯ ತಟ್ಟೆಯ ಸುಖಕ್ಕೆ ಕೊಡಲೇಬೇಕಾದ ಬೆಲೆ ಎಂಬ ನಂಬಿಕೆ ಈ ಕಲ್ಪನೆಯ ಒಳಗಿದೆ. ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಇಲ್ಲಿನ ಬಹುಪಾಲು ಕಷ್ಟಗಳಿಗೆ ಕಾರಣ ಊರು ಬೆಳೆದದ್ದಲ್ಲ, ಬೆಳೆದ ಕ್ರಮ ತಲೆಕೆಳಗಾದದ್ದು.

ಮೊದಲು ಬೆಳವಣಿಗೆಯ ಅಳತೆಯನ್ನೇ ನೋಡೋಣ. ಸುಮಾರು 20 ಕಿಲೋಮೀಟರ್ ಅಂತರದಲ್ಲಿದ್ದ ಎರಡು ಊರುಗಳನ್ನು 1962ರಲ್ಲಿ ಒಂದೇ ಮಹಾನಗರ ಪಾಲಿಕೆಯ ಅಡಿಗೆ ತರಲಾಯಿತು. 1981ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 5.27 ಲಕ್ಷ ಇತ್ತು; 2001ರಲ್ಲಿ 7.86 ಲಕ್ಷ ಆಯಿತು; 2011ರಲ್ಲಿ 9.43 ಲಕ್ಷ ದಾಟಿತು. ಆ ಲೆಕ್ಕದ ಪ್ರಕಾರ ಬೆಂಗಳೂರನ್ನು ಬಿಟ್ಟರೆ ರಾಜ್ಯದಲ್ಲಿ ಅತಿ ಹೆಚ್ಚು ಜನರಿರುವ ಮಹಾನಗರ ಪಾಲಿಕೆ ಇದು. ಹತ್ತು ವರ್ಷಕ್ಕೆ ಶೇಕಡ 20ರಷ್ಟು ಏರಿಕೆ ಎಂದರೆ ಭಾರತದ ನಗರಗಳ ಮಟ್ಟಿಗೆ ಅದೇನೂ ಗಾಬರಿಯಾಗುವ ವೇಗವಲ್ಲ. ಸರಿಯಾಗಿ ಯೋಜಿಸಿದ್ದರೆ ನಿಭಾಯಿಸಬಹುದಾಗಿದ್ದ ವೇಗವೇ. ಆದರೆ 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ; ಮುಂದಿನ ಗಣತಿಯ ವರ್ಷ 2027. ಅಂದರೆ ಇಂದು ಕೊಳವೆ, ಬಸ್ಸು, ಶಾಲೆ, ಪಡಿತರ ಯಾವುದನ್ನೇ ಲೆಕ್ಕ ಹಾಕಿದರೂ ಖಚಿತ ಎಣಿಕೆ ಇರುವುದು 2011ರದ್ದು ಮಾತ್ರ. ಆ ವರ್ಷ ನಮ್ಮ ಬಡಾವಣೆ ಇನ್ನೂ ಹೊಲವಾಗಿತ್ತು. ಆ ಎಣಿಕೆಯಲ್ಲಿ ಇಲ್ಲಿ ಯಾರೂ ಇಲ್ಲ.

ಹತ್ತಿರಕ್ಕೆ ಬಂದದ್ದು

ಬೆಳವಣಿಗೆಯಿಂದ ಆದ ಲಾಭವನ್ನು ಸಣ್ಣದು ಮಾಡಿ ಹೇಳುವುದು ಅನ್ಯಾಯ. ಆ ಲಾಭದ ಹೆಸರು ಸಮೀಪ. ಒಂದು ಕಾಲಕ್ಕೆ ಬೆಂಗಳೂರಿಗೆ ಹೋಗದೆ ಆಗದಿದ್ದ ಕೆಲಸಗಳು ಈಗ ಇಲ್ಲೇ ಆಗುತ್ತವೆ. ಹೈಕೋರ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಗುವವರೆಗೆ ಗದಗ, ಹಾವೇರಿ, ಕೊಪ್ಪಳ, ಬೆಳಗಾವಿ ಕಡೆಯ ಕಕ್ಷಿದಾರರು ಒಂದು ತಾರೀಖಿಗಾಗಿ ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬೆಂಗಳೂರು ಮುಟ್ಟಬೇಕಿತ್ತು. ವಕೀಲರ ಶುಲ್ಕಕ್ಕಿಂತ ಊಟ, ವಸತಿ, ಪ್ರಯಾಣದ ಖರ್ಚೇ ಹೆಚ್ಚಾಗಿ, ಜಮೀನಿನ ನ್ಯಾಯವಾದ ಹಕ್ಕನ್ನೇ ಕೈಬಿಟ್ಟ ಕುಟುಂಬಗಳ ಕಥೆಗಳು ಈ ಭಾಗದ ಹಳ್ಳಿಗಳಲ್ಲಿ ಬೇಕಾದಷ್ಟಿವೆ. 2013ರಲ್ಲಿ ಪೀಠ ಕಾಯಂ ಆಯಿತು. ಈಗ ನರಗುಂದದ ರೈತ ಬೆಳಗಿನ ಬಸ್ಸಿಗೆ ಬಂದು ವಕೀಲರನ್ನು ಕಂಡು ಸಂಜೆ ಹೊಲಕ್ಕೆ ಮರಳಬಹುದು.

ಆಸ್ಪತ್ರೆಯದೂ ಹೀಗೆಯೇ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಹುಟ್ಟಿದ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸಂಸ್ಥೆಯ ಅಂಗಳದಲ್ಲಿ ಯಾವ ದಿನ ಹೋಗಿ ನಿಂತರೂ ಹತ್ತು ತಾಲ್ಲೂಕುಗಳ ಮಾತು ಕಿವಿಗೆ ಬೀಳುತ್ತದೆ. ಬುತ್ತಿಗಂಟು ಬಿಚ್ಚಿ ರೊಟ್ಟಿ ತಿನ್ನುತ್ತ ಕುಳಿತವರಲ್ಲಿ ಅವಳಿ ನಗರದವರಷ್ಟೇ ಸಂಖ್ಯೆಯಲ್ಲಿ ಹೊರಗಿನವರೂ ಇರುತ್ತಾರೆ. ನಗರವೊಂದರ ಉಪಯೋಗವನ್ನು ಅದರ ನಿವಾಸಿಗಳ ಲೆಕ್ಕದಲ್ಲಿ ಮಾತ್ರ ಅಳೆಯಬಾರದು ಎಂಬುದು ಅಲ್ಲಿ ನಿಂತಾಗ ಅರ್ಥವಾಗುತ್ತದೆ. 2003ರಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಗೆ ಬಂದದ್ದು, 2016ರಲ್ಲಿ ವಾಲ್ಮಿ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ) ಆವರಣದಲ್ಲಿ ಆರಂಭವಾದ ಐಐಟಿ 2023ರಲ್ಲಿ ಚಿಕ್ಕಮಲ್ಲಿಗವಾಡದ ಸ್ವಂತ ಆವರಣವನ್ನು ಪಡೆದದ್ದು, ಅದೇ ವರ್ಷ ಬೆಂಗಳೂರಿಗೆ ವಂದೇ ಭಾರತ್ ರೈಲು ಓಡತೊಡಗಿದ್ದು ಎಲ್ಲವೂ ಈ ಸಮೀಪದ ಭಾಗಗಳೇ.

ಇವು ದೊಡ್ಡ ಸಂಸ್ಥೆಗಳ ಮಾತಾಯಿತು. ಬೆಳವಣಿಗೆ ಸಣ್ಣ ಕೈಗಳಿಗೂ ಕೆಲಸ ಕೊಟ್ಟಿದೆ, ಮತ್ತು ನನಗೆ ಹೆಚ್ಚು ಮುಖ್ಯವೆನಿಸುವುದು ಇದೇ. ಧಾರವಾಡದ ಸಪ್ತಾಪುರದ ಕಡೆ ಹೋದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರದ್ದೇ ಒಂದು ಊರು ಕಾಣುತ್ತದೆ. ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಬಂದ ಇವರು ಒಂದು ಕೋಣೆಯಲ್ಲಿ ಮೂವರು ನಾಲ್ವರು ಇದ್ದು, ತಿಂಗಳ ಲೆಕ್ಕದಲ್ಲಿ ರೀಡಿಂಗ್ ರೂಮಿನ ಒಂದು ಕುರ್ಚಿಯನ್ನು ಬಾಡಿಗೆಗೆ ಹಿಡಿದು, ಖಾನಾವಳಿಯಲ್ಲಿ ಉಣ್ಣುತ್ತಾರೆ. ಅವರ ಸುತ್ತ ಖಾನಾವಳಿ ನಡೆಸುವ ಹೆಣ್ಣುಮಕ್ಕಳು, ಝೆರಾಕ್ಸ್ ಅಂಗಡಿಯವರು, ಹಳೆಯ ಪುಸ್ತಕ ಮಾರುವವರು, ಮನೆಯ ಮೇಲೆ ಎರಡು ಕೋಣೆ ಎತ್ತಿ ಬಾಡಿಗೆಗೆ ಕೊಟ್ಟ ನಿವೃತ್ತ ಶಿಕ್ಷಕರು ಬದುಕು ಕಟ್ಟಿಕೊಂಡಿದ್ದಾರೆ. ಸರ್ಕಾರ ನೇಮಕಾತಿ ಅಧಿಸೂಚನೆಯನ್ನು ವರ್ಷಗಟ್ಟಲೆ ತಡೆದರೆ ಈ ಇಡೀ ಸರಪಳಿ ಸೊರಗುತ್ತದೆ. ಆದರೂ ಸವಣೂರಿನ ಅಥವಾ ಶಿರಹಟ್ಟಿಯ ಹುಡುಗಿಯೊಬ್ಬಳು ಮನೆಯಿಂದ ಎರಡು ಮೂರು ಗಂಟೆಯ ದಾರಿಯಲ್ಲಿ ಇದ್ದು ಓದಬಹುದು, ಅಪ್ಪನಿಗೆ ಹುಷಾರಿಲ್ಲವೆಂದರೆ ಅಂದೇ ಊರಿಗೆ ಹೋಗಿ ಬರಬಹುದು ಎಂಬುದು ಸಣ್ಣ ಅನುಕೂಲವಲ್ಲ. ಬೆಂಗಳೂರಾದರೆ ಬಹಳ ಮನೆಗಳಲ್ಲಿ ಆಕೆಯನ್ನು ಕಳಿಸುವ ಮಾತೇ ಏಳುತ್ತಿರಲಿಲ್ಲ.

ನಮ್ಮ ಓಣಿಯಲ್ಲೇ ಒಬ್ಬ ತಾಯಿ ರೊಟ್ಟಿ ಬಡಿದು ಮಾರುತ್ತಾರೆ. ಬೆಳಗಿನ ಜಾವ ನಾಲ್ಕೂವರೆಗೆ ಅವರ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳತೊಡಗುತ್ತದೆ. ಬಿಸಿ ರೊಟ್ಟಿ ಸುತ್ತಲಿನ ಮನೆಗಳಿಗೆ, ಕಟಕ ರೊಟ್ಟಿ ಅಂಗಡಿಗಳಿಗೆ, ಲಗ್ನದ ಸೀಜನ್ ಬಂದರೆ ಸಾವಿರದ ಲೆಕ್ಕದಲ್ಲಿ ಕಲ್ಯಾಣ ಮಂಟಪಗಳಿಗೆ ಹೋಗುತ್ತದೆ. ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವ ಮನೆಗಳು ಹೆಚ್ಚಾದಂತೆ ಅವರ ವ್ಯಾಪಾರ ಹೆಚ್ಚಿದೆ. ಈಗ ಇನ್ನಿಬ್ಬರು ಹೆಣ್ಣುಮಕ್ಕಳನ್ನು ಕೂಲಿಗೆ ಇಟ್ಟುಕೊಂಡಿದ್ದಾರೆ. ಹಳ್ಳಿಯಲ್ಲಿ ಪ್ರತಿ ಮನೆಯಲ್ಲೂ ಬಿಟ್ಟಿಯಾಗಿ ನಡೆಯುವ ಕೆಲಸಕ್ಕೆ ನಗರ ಬೆಲೆ ಕಟ್ಟಿದೆ. ಬೆಳವಣಿಗೆ ಬೇಡ ಎನ್ನುವವರು ಈ ತಾಯಿಗೆ ಏನು ಉತ್ತರ ಕೊಡುತ್ತಾರೆ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ನೀರು ಬರುವ ದಿನ

ಅದೇ ತಾಯಿಯ ಕೆಲಸ ನಿಲ್ಲುವುದು ನೀರು ಬರುವ ದಿನ. ನಮ್ಮಲ್ಲಿ ನಳದ ನೀರು ವಾರಕ್ಕೊಮ್ಮೆ, ಕೆಲವು ಸಲ ಎಂಟು ದಿನಕ್ಕೊಮ್ಮೆ ಬರುತ್ತದೆ. ಯಾವ ಹೊತ್ತಿಗೆ ಎಂಬುದು ಗೊತ್ತಿರುವುದಿಲ್ಲ. ವಾಲ್ವ್‌ಮನ್‌ನ ಬೈಕಿನ ಸದ್ದು ಓಣಿಗೆ ಹೇಗೋ ಮೊದಲೇ ತಿಳಿಯುತ್ತದೆ; ರಾತ್ರಿ ಎರಡು ಗಂಟೆಯಾದರೂ ಒಂದೊಂದೇ ಮನೆಯ ದೀಪ ಹತ್ತುತ್ತದೆ. ಎದುರು ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, "ನೀರ ಬಂದಾವ ನೋಡ್ರಿ, ಮೊದಲಿನ ನೀರ ಚೆಲ್ಲರಿ, ಆಮ್ಯಾಲೆ ಕುಡಿಯಾಕ ಹಿಡಕೋರಿ" ಎಂದು ಕೂಗುತ್ತಾರೆ. ಆಮೇಲೆ ಮೂರು ನಾಲ್ಕು ಗಂಟೆ ಮೋಟರು, ಪೈಪು, ಬ್ಯಾರೆಲ್ಲು, ಕೊಡ. ಮರುದಿನ ಬೆಳಿಗ್ಗೆ ಆ ರೊಟ್ಟಿ ಮಾಡುವ ಮನೆಯಲ್ಲಿ ಸದ್ದು ತಡವಾಗಿ ಶುರುವಾಗುತ್ತದೆ, ಅಥವಾ ಶುರುವಾಗುವುದೇ ಇಲ್ಲ. ಆ ದಿನದ ಗಳಿಕೆ ನೀರಿಗೆ ಹೋಯಿತು ಎಂದೇ ಅರ್ಥ. ನೀರಿನ ಬಿಲ್ಲಿನಲ್ಲಿ ಈ ಮೊತ್ತ ಎಲ್ಲಿಯೂ ಕಾಣುವುದಿಲ್ಲ.

ಹೀಗೇಕೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಅವಳಿ ನಗರದ ಕ್ರಮಭಂಗ ಅತ್ಯಂತ ಸ್ಪಷ್ಟವಾಗಿ ಕಾಣುವುದು ನೀರಿನಲ್ಲಿ. ಹಿಂದೆ ಈ ಊರುಗಳು ತಮ್ಮ ಸುತ್ತಲಿನ ಕೆರೆಗಳನ್ನು ನಂಬಿದ್ದವು: ಹುಬ್ಬಳ್ಳಿಗೆ ಉಣಕಲ್ ಕೆರೆ, ಧಾರವಾಡಕ್ಕೆ ಕೆಲಗೇರಿ. 1950ರ ದಶಕದಲ್ಲಿ ಬೇಡ್ತಿ ಹಳ್ಳದ ನೀರಸಾಗರ ಬಂತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದರ ತಳ ಕಾಣುತ್ತದೆ. 1980ರ ದಶಕದಿಂದ ಮುಖ್ಯ ಆಸರೆ ಎಂದರೆ ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯ. ಅಲ್ಲಿಂದ ನೀರನ್ನು ಎತ್ತಿ, ಅಮ್ಮಿನಭಾವಿಯಲ್ಲಿ ಶುದ್ಧೀಕರಿಸಿ, ಎತ್ತರದಲ್ಲಿರುವ ಧಾರವಾಡಕ್ಕೂ ಅದರಾಚೆಗಿನ ಹುಬ್ಬಳ್ಳಿಗೂ ಪಂಪು ಮಾಡಬೇಕು. ನಡುವೆ ಎಲ್ಲಿಯೇ ವಿದ್ಯುತ್ ಹೋದರೂ, ಕೊಳವೆ ಒಡೆದರೂ, ಸರದಿ ಒಂದೆರಡು ದಿನ ಮುಂದೆ ಹೋಗುತ್ತದೆ. ಇತ್ತ ಅದೇ ಜಲಾಶಯದ ಮೇಲೆ ನವಲಗುಂದ, ನರಗುಂದದ ರೈತರ ಹಕ್ಕೂ ಇದೆ, 37.73 ಟಿಎಂಸಿ ಸಾಮರ್ಥ್ಯದ ಆ ಜಲಾಶಯ ಬಹಳ ವರ್ಷಗಳಲ್ಲಿ ತುಂಬುವುದೇ ಇಲ್ಲ. ಅದಕ್ಕಾಗಿಯೇ ಮಹದಾಯಿ ನದಿಯ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಹಂಚಿಕೆ ಮಾಡಿ, ಅದರಲ್ಲಿ 3.9 ಟಿಎಂಸಿಯನ್ನು ಮಲಪ್ರಭೆಗೆ ತಿರುಗಿಸಲು ಅವಕಾಶ ಕೊಟ್ಟಿತು. ಪರಿಷ್ಕೃತ ಯೋಜನಾ ವರದಿಗೆ 2022ರ ಕೊನೆಯಲ್ಲಿ ಕೇಂದ್ರ ಜಲ ಆಯೋಗದ ಒಪ್ಪಿಗೆಯೂ ಸಿಕ್ಕಿತು. ಕೆಲಸ ನಿಂತಿರುವುದು ಅರಣ್ಯ ಮತ್ತು ವನ್ಯಜೀವಿ ಅನುಮತಿಗಳ ಬಾಗಿಲಲ್ಲಿ.

ಆದರೆ ಎಲ್ಲ ಹೊಣೆಯನ್ನೂ ಮಹದಾಯಿಯ ಮೇಲೆ ಹಾಕುವುದು ಸರಿಯಲ್ಲ ಎಂದು ನಾನು ಒತ್ತಿ ಹೇಳಬೇಕು. ಈ ಊರಿಗೆ ಎಷ್ಟು ನೀರು ಬರುತ್ತದೆ ಎಂಬುದು ಒಂದು ಪ್ರಶ್ನೆ, ಬಂದ ನೀರು ಮನೆಗೆ ಹೇಗೆ ತಲುಪುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರವನ್ನು ಇದೇ ನಗರ 2008ರಲ್ಲೇ ತೋರಿಸಿತ್ತು. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ಭಾಗಗಳಿಗೆ, ಅಂದರೆ ಪ್ರತಿ ನಗರದ ಸುಮಾರು ಹತ್ತರಲ್ಲಿ ಒಂದು ಪಾಲಿಗೆ, ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆಯಿತು. ಕೊಳವೆ ಬದಲಿಸಿ, ಸೋರಿಕೆ ತಡೆದು, ಮೀಟರು ಕೂರಿಸಿದ ಕಡೆ ನೀರು ನಿಲ್ಲದೆ ಬಂತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿಗೆ ಬಂದು ಎರಡೂ ಬಗೆಯ ಪೂರೈಕೆಯ ನೀರನ್ನು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಬಿಟ್ಟು ಬಿಟ್ಟು ಬರುವ ನಳಗಳ ಮಾದರಿಗಳಲ್ಲಿ ಸುಮಾರು ಮೂರರಲ್ಲಿ ಒಂದರಲ್ಲಿ ಮಲದ ಸೂಚಕ ಬ್ಯಾಕ್ಟೀರಿಯಾ ಕಂಡುಬಂತು. ನಿರಂತರ ನೀರಿನ ನಳಗಳಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಕಾರಣ ಸರಳ. ವಾರಗಟ್ಟಲೆ ಖಾಲಿ ಇರುವ ಕೊಳವೆ ತನ್ನ ಸುತ್ತಲಿನ ಗಟಾರದ ತೇವವನ್ನು ಬಿರುಕುಗಳಿಂದ ಒಳಗೆ ಎಳೆದುಕೊಳ್ಳುತ್ತದೆ, ನೀರು ಬಿಟ್ಟ ಮೊದಲ ನಿಮಿಷಗಳಲ್ಲಿ ಅದೆಲ್ಲ ನಳಕ್ಕೆ ಬರುತ್ತದೆ. ಎದುರು ಮನೆಯ ಅಜ್ಜಿ "ಮೊದಲಿನ ನೀರ ಚೆಲ್ಲರಿ" ಎನ್ನುವುದು ಇದೇ ಅನುಭವದಿಂದ.

ಆ ತಂಡದ ಮುಂದಿನ ಅಧ್ಯಯನದ ಫಲಿತಾಂಶ ಇನ್ನಷ್ಟು ಗಮನಿಸಬೇಕಾದದ್ದು. ಐದು ವರ್ಷದೊಳಗಿನ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಎರಡೂ ಕಡೆ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿ ನಿರಂತರ ನೀರಿದ್ದ ಕಡೆ ಕಡಿಮೆಯಾಗಿತ್ತು. ಉಳ್ಳವರು ಫಿಲ್ಟರು, ಮೇಲಿನ ಟಾಕಿ, ಕ್ಯಾನು ನೀರಿನಿಂದ ನಗರದ ಕೊರತೆಯನ್ನು ತಮ್ಮ ಮಟ್ಟಿಗೆ ತುಂಬಿಕೊಳ್ಳುತ್ತಾರೆ. ಅದು ಸಾಧ್ಯವಿಲ್ಲದವರ ಮಕ್ಕಳ ದೇಹದ ಮೇಲೆ ಆ ಕೊರತೆ ಬೀಳುತ್ತದೆ. ಇಷ್ಟೆಲ್ಲ ತಿಳಿದ ಮೇಲೂ, ಪ್ರಯೋಗ ಗೆದ್ದ ಒಂದೂವರೆ ದಶಕದ ನಂತರವೂ, ನಗರದ ಉಳಿದ ಭಾಗಕ್ಕೆ ಆ ವ್ಯವಸ್ಥೆಯನ್ನು ವಿಸ್ತರಿಸುವ ಕೆಲಸ ಮುಗಿಯಲಿಲ್ಲ. ಆ ನಡುವಿನ ವರ್ಷಗಳಲ್ಲಿ ಹೊಸ ಬಡಾವಣೆಗಳು ಮಾತ್ರ ಯಾರ ಒಪ್ಪಿಗೆಗೂ ಕಾಯದೆ ಸುತ್ತಲೂ ಹರಡಿದವು.

ಗುಂಟೆ ಪ್ಲಾಟಿನ ಲೆಕ್ಕ

ಬಡಾವಣೆಗಳು ಹೀಗೆ ಹರಡುವುದಕ್ಕೂ ಒಂದು ತರ್ಕವಿದೆ. ನಿಯಮದಂತೆ ಬಡಾವಣೆ ಮಾಡುವವರು ಜಮೀನನ್ನು ಎನ್‌ಎ (ಕೃಷಿಯೇತರ) ಮಾಡಿಸಿ, ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರವಾದ ಹುಡಾದಿಂದ ನಕ್ಷೆಗೆ ಒಪ್ಪಿಗೆ ಪಡೆದು, ರಸ್ತೆ, ಒಳಚರಂಡಿ, ನೀರು, ವಿದ್ಯುತ್ ಒದಗಿಸಿ, ಉದ್ಯಾನಕ್ಕೂ ನಾಗರಿಕ ಸೌಲಭ್ಯಕ್ಕೂ ಜಾಗ ಬಿಡಬೇಕು. ಕಾಮಗಾರಿ ಮುಗಿದಂತೆ ನಿವೇಶನಗಳು ಬಿಡುಗಡೆಯಾಗಬೇಕು. ಇದಕ್ಕೆಲ್ಲ ತಗಲುವ ಖರ್ಚು ಪ್ಲಾಟಿನ ಬೆಲೆಯಲ್ಲಿ ಸೇರುತ್ತದೆ. ಗೌಂಡಿ ಕೆಲಸದವರಿಗೆ, ಎಪಿಎಂಸಿಯ ಹಮಾಲರಿಗೆ, ಅಟೋ ಚಾಲಕರಿಗೆ ಆ ಬೆಲೆ ಕೈಗೆಟುಕುವುದಿಲ್ಲ. ಅವರು ಕೊಳ್ಳುವುದು ಗುಂಟೆ ಪ್ಲಾಟು: ಯಾವ ಒಪ್ಪಿಗೆಯೂ ಇಲ್ಲದೆ ಹೊಲವನ್ನೇ ತುಂಡು ಮಾಡಿ ಮಾರಿದ ಜಾಗ. ಉತಾರದಲ್ಲಿ (ಪಹಣಿಯಲ್ಲಿ) ಹತ್ತು ಹದಿನೈದು ಹೆಸರು ಒಟ್ಟಿಗಿರುತ್ತವೆ. ಬ್ಯಾಂಕು ಸಾಲ ಕೊಡುವುದಿಲ್ಲ. ಹೆಚ್ಚಿನ ಬಡ್ಡಿಗೆ ಖಾಸಗಿಯವರ ಬಳಿ ಹೋಗಬೇಕು. ಆ ಕುಟುಂಬ ತಪ್ಪು ಮಾಡಿತು ಎನ್ನುವುದು ಸುಲಭ. ಕೊಳ್ಳಬಲ್ಲ ಬೆಲೆಯಲ್ಲಿ ಸಕ್ರಮ ಪ್ಲಾಟು ಎಲ್ಲಿತ್ತು ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು. ಮನೆ ಕಟ್ಟಿದ ಮೇಲೆ ಸರ್ಕಾರ ದಂಡ ಕಟ್ಟಿಸಿಕೊಂಡು ಸಕ್ರಮದ ಮಾತಾಡುತ್ತದೆ, ಚುನಾವಣೆ ಬಂದಾಗ ಸಿಮೆಂಟ್ ರಸ್ತೆ ಬರುತ್ತದೆ, ಕೊನೆಗೆ ಆ ರಸ್ತೆಯನ್ನೇ ಅಗೆದು ಕೊಳವೆ ಹಾಕಲಾಗುತ್ತದೆ. ಒಂದೇ ಕೆಲಸಕ್ಕೆ ಎರಡು ಮೂರು ಪಟ್ಟು ಖರ್ಚು.

ನಮ್ಮ ಮಣ್ಣೂ ಇಂಥ ಅವಸರವನ್ನು ಕ್ಷಮಿಸುವುದಿಲ್ಲ. ಹುಬ್ಬಳ್ಳಿಯ ಪೂರ್ವ ಮತ್ತು ದಕ್ಷಿಣಕ್ಕೆ ಹೆಚ್ಚಾಗಿ ಇರುವುದು ಎರಿ ಭೂಮಿ. ಮಳೆ ಬಿದ್ದಾಗ ಹಿಗ್ಗುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಅನುಭವವಿರುವ ಗೌಂಡಿ ಎರಿ ಮಣ್ಣನ್ನು ಪೂರ್ತಿ ತೆಗೆಸಿ ಗಟ್ಟಿ ನೆಲ ಮುಟ್ಟುವವರೆಗೆ ಪಾಯ ಇಳಿಸುತ್ತಾನೆ, ಸುತ್ತ ಗರಸು ತುಂಬಿಸುತ್ತಾನೆ. ಹಣ ಉಳಿಸಲು ಹೋದವರ ಗೋಡೆಯಲ್ಲಿ ಮೂರನೆಯ ವರ್ಷಕ್ಕೆ ಬಿರುಕು ಮೂಡುತ್ತದೆ. ರಸ್ತೆಯಿಲ್ಲದ ಬಡಾವಣೆಯಲ್ಲಿ ಮಳೆಗಾಲದ ಎರಡು ತಿಂಗಳು ಬೈಕಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕೆಸರು ಮೆತ್ತಿ ಗಾಡಿ ನಿಂತುಬಿಡುತ್ತದೆ. ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಮುಖ್ಯ ರಸ್ತೆಯವರೆಗೆ ನಡೆದು, ಅಲ್ಲಿ ಕಾಲು ತೊಳೆದುಕೊಂಡು ಶಾಲೆಯ ಬೂಟು ಹಾಕಿಕೊಳ್ಳುತ್ತಾರೆ. ಮುಖ್ಯ ರಸ್ತೆಯ ಚಹದಂಗಡಿಯವರು ಇದಕ್ಕೆಂದೇ ಒಂದು ಬಕೆಟ್ ನೀರು ಇಟ್ಟಿರುತ್ತಾರೆ.

ನೀರು ಹರಿದು ಹೋಗುವ ದಾರಿಯ ಮೇಲೂ ಕಟ್ಟಿದ್ದೇವೆ. ಉಣಕಲ್ ಕೆರೆಯ ಕೋಡಿಯ ನೀರು ನಾಲೆಯಾಗಿ ಹುಬ್ಬಳ್ಳಿಯ ನಡುವೆ ಹಾದು ಹೋಗುತ್ತದೆ. ವರ್ಷದ ಬಹುಪಾಲು ಅದು ಕೊಳಚೆ ಗಟಾರ. 2019ರ ಆಗಸ್ಟ್‌ನಂಥ ಮಳೆಯಲ್ಲಿ ಕೆರೆ ಉಕ್ಕಿದಾಗ ಅದು ತನ್ನ ಹಳೆಯ ಅಗಲವನ್ನು ನೆನಪಿಸಿಕೊಳ್ಳುತ್ತದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಬಳಿಕ ಈ ನಾಲೆಯ ದಂಡೆಯಲ್ಲಿ ನಡಿಗೆ ಮತ್ತು ಸೈಕಲ್ ದಾರಿಯನ್ನು ರೂಪಿಸಲಾಯಿತು. ದಂಡೆ ಚೆಂದವಾದದ್ದು ಸಂತೋಷವೇ. ಆದರೆ ಮನೆಗಳ ಕೊಳಚೆ ನಾಲೆಗೆ ಸೇರುವುದು ನಿಲ್ಲದೆ ಪಕ್ಕದಲ್ಲಿ ನಡೆಯುವವರಿಗೆ ಮೂಗು ಮುಚ್ಚಿಕೊಳ್ಳುವುದು ತಪ್ಪುವುದಿಲ್ಲ. ಇಲ್ಲಿಯೂ ಕ್ರಮ ಹಿಂದುಮುಂದಾಗಿದೆ.

ಪರವಾನಗಿ ಮತ್ತು ಪರಿಶೀಲನೆ ಕಾಗದದಲ್ಲಿ ಉಳಿದರೆ ಏನಾಗುತ್ತದೆ ಎಂಬುದನ್ನು ಧಾರವಾಡ ಮರೆಯಬಾರದು. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ವಾಣಿಜ್ಯ ಕಟ್ಟಡ ಕುಸಿದು 19 ಜನ ತೀರಿಕೊಂಡರು.

ರಸ್ತೆಯ ಮೇಲೆ

ಸಾರಿಗೆಯ ವಿಷಯದಲ್ಲಿ ಮಾತ್ರ ಈ ನಗರ ಒಮ್ಮೆ ಸರಿಯಾದ ಕ್ರಮವನ್ನು ಹಿಡಿಯಲು ಹೊರಟಿತ್ತು. ಸುಮಾರು 970 ಕೋಟಿ ರೂಪಾಯಿಯ ತ್ವರಿತ ಬಸ್ ಸಾರಿಗೆ ವ್ಯವಸ್ಥೆಯಾದ ಬಿಆರ್‌ಟಿಎಸ್, ಅಂದರೆ ಜನರ ಬಾಯಲ್ಲಿ ಚಿಗರಿ, 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡತೊಡಗಿ 2020ರ ಫೆಬ್ರುವರಿಯಲ್ಲಿ ವಿಧಿವತ್ತಾಗಿ ಉದ್ಘಾಟನೆಯಾಯಿತು. ಎರಡು ಊರುಗಳ ನಡುವಿನ 22 ಕಿಲೋಮೀಟರ್ ದಾರಿಯಲ್ಲಿ ಬಸ್ಸಿಗೇ ಪ್ರತ್ಯೇಕ ಪಥ. ಬೆಳಿಗ್ಗೆ ಒಂಬತ್ತರ ಚಿಗರಿಯಲ್ಲಿ ನಿಂತು ಪ್ರಯಾಣಿಸಿದವರಿಗೆ ಗೊತ್ತು: ವಿಶ್ವವಿದ್ಯಾಲಯಕ್ಕೆ ಹೋಗುವವರು, ಹೈಕೋರ್ಟಿನ ಗುಮಾಸ್ತರು, ಸತ್ತೂರಿನ ಆಸ್ಪತ್ರೆಯ ನರ್ಸುಗಳು, ಪೇಡೆಯ ಡಬ್ಬಿ ಹಿಡಿದ ನೆಂಟರು ಎಲ್ಲರಿಗೂ ಅದು ಒಂದೇ ಗಾಡಿ. ಇದರಷ್ಟು ಸಮಾನವಾಗಿ ಈ ಊರಿನಲ್ಲಿ ಹಂಚಿಕೆಯಾದ ಸೌಲಭ್ಯ ಇನ್ನೊಂದಿಲ್ಲ. ಧಾರವಾಡದ ಟೋಲ್ ನಾಕಾ ಬಳಿ ಮಳೆಗಾಲದಲ್ಲಿ ನೀರು ನಿಲ್ಲುವುದು, ಪಕ್ಕದ ಮಿಶ್ರ ಪಥ ಇಕ್ಕಟ್ಟಾಗಿರುವುದು, ರಸ್ತೆ ದಾಟುವ ಕಷ್ಟ ಇವೆಲ್ಲ ನಿಜವಾದ ದೋಷಗಳೇ. ಅವುಗಳನ್ನು ತೋರಿಸಿ ಪ್ರತ್ಯೇಕ ಪಥವನ್ನೇ ತೆಗೆಯಬೇಕೆನ್ನುವ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಚಿಗರಿಯ ದೊಡ್ಡ ಕೊರತೆ ಅದರ ಪಥದ ಹೊರಗಿದೆ: ನಿಲ್ದಾಣದಲ್ಲಿ ಇಳಿದ ಮೇಲೆ ಗೋಪನಕೊಪ್ಪಕ್ಕೋ ತಡಸಿನಕೊಪ್ಪಕ್ಕೋ ಹೋಗಲು ಸಾಕಷ್ಟು ಸಣ್ಣ ಬಸ್ಸುಗಳಿಲ್ಲ. ಹಾಗಾಗಿ ಮನೆಯಲ್ಲಿ ಬೈಕು ಬೇಕೇಬೇಕು, ಬೈಕು ಹತ್ತಿದವರು ಊರೊಳಗೇ ಇಳಿಯುತ್ತಾರೆ.

ಕಿತ್ತೂರು ಚೆನ್ನಮ್ಮ ವೃತ್ತದ ಮೇಲ್ಸೇತುವೆಯ ಕಾಮಗಾರಿ ಹುಬ್ಬಳ್ಳಿಯ ಹೃದಯವನ್ನು ವರ್ಷಗಟ್ಟಲೆ ಕಟ್ಟಿಹಾಕಿದೆ. 2024ರ ಸೆಪ್ಟೆಂಬರ್‌ನಲ್ಲಿ ಅದರ ಕೆಳಗೆ ಹೋಗುತ್ತಿದ್ದ ಪೊಲೀಸ್ ಅಧಿಕಾರಿಯೊಬ್ಬರ ಮೇಲೆ ಕಬ್ಬಿಣದ ಸರಳು ಬಿದ್ದು ಅವರು ಪ್ರಾಣ ಕಳೆದುಕೊಂಡರು. ಊರ ಹೊರಗಿನ ಬೈಪಾಸಿನ ಕಥೆ ಇನ್ನೂ ದಾರುಣ. ದೇಶದ ಮುಖ್ಯ ಹೆದ್ದಾರಿಯೊಂದು ಗಬ್ಬೂರಿನಿಂದ ನರೇಂದ್ರದವರೆಗೆ ಎರಡೇ ಪಥದ ಕಿರಿದಾದ ರಸ್ತೆಯಾಗಿ ದಶಕಗಳ ಕಾಲ ಉಳಿದಿತ್ತು. 2021ರ ಜನವರಿ 15ರಂದು ಇಟಿಗಟ್ಟಿಯ ಬಳಿ, ಗೋವಾ ಪ್ರವಾಸಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರಿದ್ದ ಟೆಂಪೊಗೆ ಟಿಪ್ಪರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಷಟ್ಪಥ ಮಾಡುವ ನಿರ್ಧಾರಕ್ಕೆ ವೇಗ ಬಂದದ್ದು ಅದಾದ ನಂತರ.

ಸಾಧಕ-ಬಾಧಕಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ನಷ್ಟವನ್ನು ಇಲ್ಲಿ ಹೇಳಲೇಬೇಕು. ಚಿಗರಿಯ ದಾರಿಯಲ್ಲೇ ಇರುವ ನವಲೂರು ಪೇರಲಕ್ಕೆ ಹೆಸರಾದ ಊರು. ಕೆಲಗೇರಿಯ ಕಡೆ ಆಪೂಸು ಮಾವಿನ ತೋಟಗಳು. ಈ ತೋಟಗಳು ಒಂದೊಂದಾಗಿ ಪ್ಲಾಟುಗಳಾಗುತ್ತಿವೆ. ಹೊಲ ಮಾರಿದ ರೈತನಿಗೆ ಒಮ್ಮೆಲೇ ದೊಡ್ಡ ಮೊತ್ತ ಬರುತ್ತದೆ, ಮನೆ ಏಳುತ್ತದೆ, ಮಗಳ ಲಗ್ನ ಆಗುತ್ತದೆ. ಹತ್ತು ವರ್ಷದ ಬಳಿಕ ಅದೇ ಮನೆಯ ಮಗ ತಮ್ಮದೇ ಹಳೆಯ ಹೊಲದಲ್ಲಿ ಎದ್ದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲು ಕುಳಿತದ್ದನ್ನು ನಾನು ನೋಡಿದ್ದೇನೆ.

ಯಾರನ್ನು ಕೇಳಬೇಕು

ಕ್ರಮ ತಪ್ಪಿದಾಗ ಸರಿಪಡಿಸಬೇಕಾದವರು ಯಾರು? ಅವಳಿ ನಗರದಲ್ಲಿ ಇದಕ್ಕೆ ನೇರ ಉತ್ತರ ಸಿಗುವುದಿಲ್ಲ. ಬಡಾವಣೆಯ ನಕ್ಷೆ ಹುಡಾದ್ದು, ಗಟಾರ ಪಾಲಿಕೆಯದ್ದು, ಬಸ್ಸು ಸಾರಿಗೆ ಸಂಸ್ಥೆಯದ್ದು, ಬೈಪಾಸು ಹೆದ್ದಾರಿ ಪ್ರಾಧಿಕಾರದ್ದು, ನೀರಿನ ಯೋಜನೆ ಇನ್ನೊಂದು ನಿಗಮದ್ದು. ಎಲ್ಲರನ್ನೂ ಒಂದೆಡೆ ಕೂರಿಸಿ ಪ್ರಶ್ನಿಸಬಲ್ಲ ಜಾಗ ಎಂದರೆ ಪಾಲಿಕೆಯ ಸಾಮಾನ್ಯ ಸಭೆ. ಆ ಸಭೆಯೇ ಮೂರು ವರ್ಷ ಇರಲಿಲ್ಲ. ಹಿಂದಿನ ಅವಧಿ 2019ರ ಮಾರ್ಚ್‌ನಲ್ಲಿ ಮುಗಿಯಿತು, 82 ವಾರ್ಡುಗಳಿಗೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ, ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಈ ಮೂರು ವರ್ಷಗಳಲ್ಲೂ ಪ್ಲಾಟುಗಳ ಮಾರಾಟ ಒಂದು ದಿನ ನಿಲ್ಲಲಿಲ್ಲ.

ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬೇಕೆಂಬ ಬಹುಕಾಲದ ಬೇಡಿಕೆಗೆ 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅನುದಾನದಲ್ಲಿ ಸಿಂಹಪಾಲು ಹುಬ್ಬಳ್ಳಿಗೆ ಹೋಗುತ್ತದೆ ಎಂಬ ಧಾರವಾಡದವರ ನೋವಿನಲ್ಲಿ ಸತ್ಯವಿದೆ. ಅಂಚಿನ ವಾರ್ಡಿನ ಹೆಣ್ಣುಮಗಳೊಬ್ಬಳು ದೂರು ಕೊಡಲು 20 ಕಿಲೋಮೀಟರ್ ಹೋಗಬೇಕಾಗಿಲ್ಲ ಎಂಬುದೂ ಒಳ್ಳೆಯದೇ. ಆದರೆ ವ್ಯಾಪಾರದ ಕೇಂದ್ರ ಹುಬ್ಬಳ್ಳಿ. ತೆರಿಗೆಯ ಮೂಲ ಸಣ್ಣದಾದ ಪಾಲಿಕೆ ಸಿಬ್ಬಂದಿಯ ಸಂಬಳ ಕೊಟ್ಟ ಮೇಲೆ ಒಳಚರಂಡಿಗೆ ಎಷ್ಟು ಉಳಿಸೀತು ಎಂಬುದನ್ನು ನೋಡಬೇಕು. ಇನ್ನೂ ಮುಖ್ಯವಾಗಿ, ಮಲಪ್ರಭೆಯ ಕೊಳವೆ, ಚಿಗರಿಯ ಪಥ, ಬೈಪಾಸು ಇವು ಎರಡು ಊರಿಗೂ ಒಂದೇ ಆಗಿ ಉಳಿಯುತ್ತವೆ. ಪಾಲಿಕೆ ಎರಡಾದರೆ ಇವುಗಳಿಗೆ ಹೊಣೆ ಹೊರುವ ಜಂಟಿ ವ್ಯವಸ್ಥೆಯೂ ಕಾನೂನಿನಲ್ಲೇ ಇರಬೇಕು. ನವಲೂರು, ರಾಯಾಪುರ, ಸತ್ತೂರಿನಂಥ ನಡುವಿನ ಭಾಗಗಳಲ್ಲಿ ಗಡಿಯ ಗೆರೆ ಯಾರ ಓಣಿಯ ಮೇಲೆ ಹಾದರೂ ಅವರ ಗಟಾರದ ನೀರು ಇಳಿಜಾರಿನತ್ತಲೇ ಹರಿಯುತ್ತದೆ.

ನಾನು ಬಯಸುವುದು ದೊಡ್ಡದೇನಲ್ಲ. ಬಡಾವಣೆಯೊಂದರ ಮುಖ್ಯ ಕೊಳವೆ ಮತ್ತು ಒಳಚರಂಡಿ ನೆಲದಲ್ಲಿ ಕೂತ ಮೇಲಷ್ಟೇ ಅಲ್ಲಿನ ಪ್ಲಾಟುಗಳ ನೋಂದಣಿ ಆಗಬೇಕು. ಗೌಂಡಿಯೂ ಹಮಾಲನೂ ಕೊಳ್ಳಬಲ್ಲ ಸಣ್ಣ ಅಳತೆಯ ಸಕ್ರಮ ನಿವೇಶನಗಳನ್ನು ಹುಡಾ ತಾನೇ ಮಾಡಿ ಕೊಡಬೇಕು. ಇಲ್ಲದಿದ್ದರೆ ಮೊದಲನೆಯ ನಿಯಮ ಬಡವರನ್ನು ಇನ್ನಷ್ಟು ಗುಂಟೆ ಪ್ಲಾಟಿನ ಕಡೆಗೆ ತಳ್ಳುತ್ತದೆ. ಯಾವ ವಾರ್ಡಿಗೆ ಯಾವ ದಿನ, ಯಾವ ಗಂಟೆಗೆ ನೀರು ಬಿಡುತ್ತಾರೆ ಎಂಬುದು ಹಿಂದಿನ ದಿನವೇ ಪ್ರತಿ ಮನೆಯ ಮೊಬೈಲಿಗೆ ಬರಬೇಕು. ಈ ಕೊನೆಯದಕ್ಕೆ ಮಹದಾಯಿಯೂ ಬೇಕಿಲ್ಲ, ಕೋಟಿಗಳೂ ಬೇಕಿಲ್ಲ.

ಕಳೆದ ವರ್ಷ ನಮ್ಮ ಓಣಿಯಲ್ಲಿ ಹೊಸ ನೀಲಿ ಕೊಳವೆ ಹಾಕಿ, ಪ್ರತಿ ಮನೆಯ ಮುಂದೆ ಮೀಟರು ಕೂರಿಸಿ ಹೋದರು. ಅಗೆದ ಸಿಮೆಂಟ್ ರಸ್ತೆಯ ಮೇಲೆ ಗರಸು ಸುರಿದಿದ್ದಾರೆ. ರೊಟ್ಟಿ ಮಾಡುವ ತಾಯಿ ಬೆಳಿಗ್ಗೆ ಅಂಗಳ ಗುಡಿಸುವಾಗ ಮೀಟರಿನ ಮೇಲಿನ ಧೂಳನ್ನೂ ಒರೆಸುತ್ತಾರೆ. ನೀರು ಈಗಲೂ ಹಳೆಯ ನಳದಲ್ಲೇ, ಎಂಟು ದಿನಕ್ಕೊಮ್ಮೆ ಬರುತ್ತಿದೆ.